ಸೇರು, ಕಿಲೋ ಮತ್ತು ನಲವತ್ತೊಂದನೆಯ ಸಹಿ

ಆರುನೂರ ಹನ್ನೆರಡು ಪುಟದ ಪುಸ್ತಕ ಬರೆದ ಮನುಷ್ಯನನ್ನು ಕೊತ್ತಂಬರಿ ಸೊಪ್ಪು ತರಲು ಕಳಿಸಬಾರದು ಎಂಬುದು ಸೂರ್ಯನಾರಾಯಣರ ಖಚಿತ ಅಭಿಪ್ರಾಯ. ಅವರ ಹೆಂಡತಿ ರತ್ನಾ ದಿನವೂ ಕಳಿಸುತ್ತಿದ್ದರು. ದೆಹಲಿಯ ಲಕ್ಷ್ಮೀ ನಗರದ ಮೂರನೆಯ ಮಹಡಿಯಿಂದ ಇಳಿದು, ಕೋಚಿಂಗ್ ಕ್ಲಾಸಿಗೆ ನುಗ್ಗುವ ಹುಡುಗರ ನಡುವೆ ತೂರಿಕೊಂಡು, ತರಕಾರಿ ಭಯ್ಯಾನ ಮುಂದೆ ಅವರು ನಿಲ್ಲುತ್ತಿದ್ದರು. ಅವನು ತಕ್ಕಡಿ ಎತ್ತಿದಾಗಲೆಲ್ಲ ಅವರು ಅದರ ಮುಳ್ಳನ್ನೇ ದಿಟ್ಟಿಸುತ್ತಿದ್ದರು. ಏಕೆಂದರೆ ಅವರು ಬರೆದದ್ದೇ ತಕ್ಕಡಿಯ ಬಗ್ಗೆ.

ಪುಸ್ತಕದ ಹೆಸರು ‘ಸೇರು, ಕಿಲೋ ಮತ್ತು ಸಿಂಹಾಸನ: ತೂಕ ಅಳತೆಗಳ ಇತಿಹಾಸ, ರಾಜಕಾರಣ ಹಾಗೂ ವಿಜ್ಞಾನ, ಸಂಪುಟ ಒಂದು’. (ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಬರುತ್ತಿದ್ದುದು ಲೇಖಕರಿಗೆ ಮಾತ್ರ.) ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರಾಗಿ ಕೂತು, ಹನ್ನೊಂದು ವರ್ಷ ಭಾನುವಾರಗಳನ್ನೆಲ್ಲ ಸುರಿದು ಬರೆದದ್ದು. ಎರಡನೆಯ ಸಂಪುಟವೂ ಮುಗಿದು, ಅವರ ಕೋಳಿಕಾಲಿನ ಅಕ್ಷರದಲ್ಲಿ ಐದು ಬಾಕ್ಸ್ ಫೈಲುಗಳನ್ನು ತುಂಬಿ, ದಿವಾನ್ ಮಂಚದ ಕೆಳಗೆ ಮಲಗಿತ್ತು. ಅದು ಅಚ್ಚಾಗುವುದನ್ನು ನೋಡದೆ ತಾವು ರಿಟೈರ್ ಆಗುವುದಿಲ್ಲ ಎಂದು ಸೂರ್ಯನಾರಾಯಣರು ಶಪಥ ಮಾಡಿದ್ದರು. (ಸರ್ಕಾರ ಈ ಶಪಥವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಅವರಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.)

ಬೆಂಗಳೂರಿನ ಪ್ರಕಾಶಕರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು. “ಸಾರ್, ಗಂಭೀರ ಪುಸ್ತಕ ತಾನಾಗೇ ನಡೆಯೋದಿಲ್ಲ, ಕೈ ಹಿಡಿದು ನಡೆಸಬೇಕು. ಪ್ರಚಾರ ನೀವೇ ಮಾಡಿ. ಮೊದಲನೇದನ್ನ ಓದಿದ ನಲವತ್ತು ಜನ ಎರಡನೇದು ಬೇಕು ಅಂತ ಬರೆದು ಕೊಡಲಿ. ಮಾರನೇ ದಿನ ಪ್ರೆಸ್ಸಿಗೆ ಕಳಿಸ್ತೀನಿ.”

ನಲವತ್ತು ಜನ ಯಾವ ಲೆಕ್ಕ ಎಂದುಕೊಂಡರು ಸೂರ್ಯನಾರಾಯಣರು.

ಮೊದಲು ಕೆಳಗಿನ ಕೋಚಿಂಗ್ ಕ್ಲಾಸಿನಲ್ಲಿದ್ದ ದಾವಣಗೆರೆಯ ಶ್ರೀವತ್ಸನನ್ನು ಹಿಡಿದರು. ಐಎಎಸ್‌ಗೆ ಓದುತ್ತಿದ್ದ ಹುಡುಗ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ, ಹಿಂದೆ ಮುಂದೆ ನೋಡಿ, ವಿನಯದಿಂದ ಕೇಳಿದ: “ಸಾರ್, ಇದರಿಂದ ಎಷ್ಟು ಮಾರ್ಕ್ಸಿಗೆ ಬರುತ್ತೆ?” ಜ್ಞಾನಕ್ಕೆ ಮಾರ್ಕ್ಸಿಲ್ಲ ಎಂದರು ಇವರು. ಹಾಗಾದರೆ ಪ್ರಿಲಿಮ್ಸ್ ಮುಗಿದ ಮೇಲೆ ಓದುತ್ತೇನೆ ಎಂದ ಅವನು. ಅವನು ಪ್ರಿಲಿಮ್ಸ್ ಬರೆಯಲು ಶುರು ಮಾಡಿ ನಾಲ್ಕು ವರ್ಷವಾಗಿತ್ತು.

ಆಮೇಲೆ ಮಗಳು ಪ್ರಕೃತಿಯ ಸರದಿ. ಆಕೆಗೆ ಗುರುಗ್ರಾಮದ ಜಾಹೀರಾತು ಕಂಪನಿಯೊಂದರಲ್ಲಿ ಕೆಲಸ. ಬಿಸ್ಕತ್ತು, ಶಾಂಪೂ, ಫ್ಲಾಟು ಎಲ್ಲಕ್ಕೂ ಪ್ರಚಾರ ಕೊಡುವವಳು.

“ಅಪ್ಪಾ, ರೀಲ್ ಮಾಡೋಣ. ತೀಸ್ ಸೆಕೆಂಡ್. ಬಸ್.”

“ಮೂವತ್ತು ಸೆಕೆಂಡಲ್ಲಿ ಏನು ಹೇಳೋಕಾಗುತ್ತೆ? ಮುನ್ನುಡಿಗೇ ಅರ್ಧ ಗಂಟೆ ಬೇಕು.”

“ಅರೆ, ಇತ್ನಾ ಟೈಮ್ ಯಾರಿಗೂ ಇಲ್ಲ ಅಪ್ಪಾ. ಸ್ಮೈಲ್ ಮಾಡಿ, ಸೇರು ತೋರ್ಸಿ, ಬುಕ್ ತೋರ್ಸಿ.”

ಸೂರ್ಯನಾರಾಯಣರು ಅಜ್ಜಿಯ ಕಾಲದ ಹಿತ್ತಾಳೆಯ ಸೇರನ್ನು ಎದೆಗವಚಿಕೊಂಡು, ಗಂಟಲು ಸರಿಮಾಡಿಕೊಂಡು, “ಅನಾದಿ ಕಾಲದಿಂದಲೂ ಮಾನವನು...” ಎನ್ನುವಷ್ಟರಲ್ಲಿ ಮೂವತ್ತು ಸೆಕೆಂಡ್ ಮುಗಿಯಿತು. ಆ ರೀಲನ್ನು ಹದಿಮೂರು ಸಲ ನೋಡಲಾಗಿತ್ತು. ಅದರಲ್ಲಿ ಹನ್ನೊಂದು ಸಲ ನೋಡಿದವರು ಅವರೇ.

ಮಾನೇಸರಿನ ಕಾರ್ಖಾನೆಯಲ್ಲಿದ್ದ ಪರಿಚಯದ ಹುಡುಗ ಜೀವನ್‌ನ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಒಂದು ಪ್ರತಿ ಕೊಟ್ಟರು. ಹದಿನೈದು ದಿನ ಬಿಟ್ಟು ಆಸೆಯಿಂದ ಫೋನು ಮಾಡಿದರೆ ಜೀವನ್, “ಸಾರ್, ಬೈಂಡಿಂಗ್ ಬಹಳ ಗಟ್ಟಿ” ಎಂದ. ಅದು ಅವನಿಗೆ ಹೇಗೆ ಗೊತ್ತಾಯಿತು ಎಂದು ಇವರು ಕೇಳಲಿಲ್ಲ.

ಹೀಗೆ ಮೂರು ತಿಂಗಳು ಕಳೆದವು. ಸೂರ್ಯನಾರಾಯಣರು ಸೊರಗಿದರು. ರಾತ್ರಿ ಎರಡು ಚಪಾತಿಗೆ ಇಳಿದರು. ತಾವು ಸತ್ತ ಮೇಲೆ ಆ ಐದು ಬಾಕ್ಸ್ ಫೈಲುಗಳನ್ನು ಹಳೇ ಪೇಪರು ಕೊಳ್ಳುವ ಕಬಾಡಿಯವನು ತಕ್ಕಡಿಯಲ್ಲಿಟ್ಟು ತೂಗುತ್ತಾನೆ ಎಂಬ ಯೋಚನೆ ಅವರನ್ನು ನಿಜವಾಗಿಯೂ ಸುಡುತ್ತಿತ್ತು. ಈ ಸಂಕಟವನ್ನು ನೋಡಲಾರದೆ ರತ್ನಾ ಒಂದು ದಿನ ಬಾಯಿ ತೆರೆದರು.

“ರೀ, ನನಗೊಂದು ಅನ್ನಿಸುತ್ತೆ. ಹೇಳಲಾ?”

“ಬರವಣಿಗೆಯಲ್ಲಿ ಕೊಡು” ಎಂದರು ಸೂರ್ಯನಾರಾಯಣರು.

ಇದು ಅವರ ಮೂವತ್ತಮೂರು ವರ್ಷದ ನೌಕರಿಯ ಮಂತ್ರ. ಬಾಯಿಮಾತಿಗೆ ಬೆಲೆಯಿಲ್ಲ, ಫೈಲಿನಲ್ಲಿದ್ದದ್ದೇ ಸತ್ಯ. ಸಿಲಿಂಡರ್ ಮುಗಿದಿದೆ ಎಂದರೂ ಹೀಗೇ, ಮಗಳಿಗೆ ಜ್ವರ ಎಂದರೂ ಹೀಗೇ. ರತ್ನಾ ಕೂಡ ಇನ್ನೊಂದು ಇಲಾಖೆಯಲ್ಲಿ ಸ್ಟೆನೋ. ಆದರೆ ಅವರ ಕೆಲಸದ ರೀತಿ ಬೇರೆ. ಸ್ಟೆನೋ ಆದವರು ಅಲ್ಪವಿರಾಮವನ್ನೂ ಓದದೆ ಟೈಪ್ ಮಾಡುವ ಹಾಗಿಲ್ಲ. ಸೂರ್ಯನಾರಾಯಣರ ಪದ್ಧತಿಯೋ, ಅವರೇ ಹೊಸಬರಿಗೆ ಉಪದೇಶಿಸುತ್ತಿದ್ದಂತೆ, ‘ಕೆಳಗಿನವರು ಓದಿರುತ್ತಾರೆ, ಮೇಲಿನವರು ಓದುತ್ತಾರೆ, ಮಧ್ಯದವರು ಸಹಿ ಹಾಕಬೇಕು.’ (ಮೊದಲ ಸಂಪುಟವನ್ನು ಟೈಪ್ ಮಾಡಿದವರು ಯಾರು ಎಂದು ಓದುಗರು ಕೇಳಬಹುದು. ರತ್ನಾ. ಎರಡು ಸಲ. ಮೊದಲನೆಯ ಸಲ ಮುಗಿದ ಮೇಲೆ ಲೇಖಕರು ಅಧ್ಯಾಯಗಳ ಕ್ರಮ ಬದಲಿಸಿದ್ದರು.)

ಆದರೆ ‘ಬರವಣಿಗೆಯಲ್ಲಿ ಕೊಡು’ ಎಂದ ಬಾಯಿ ಹಾಗೇ ತೆರೆದೇ ಉಳಿಯಿತು. ಸೂರ್ಯನಾರಾಯಣರಿಗೆ ಉಪಾಯ ಹೊಳೆದಿತ್ತು.

ಜನ ಪುಸ್ತಕ ಓದುವುದಿಲ್ಲ, ಸರಿ. ಆದರೆ ದೆಹಲಿಯಲ್ಲಿರುವ ಕನ್ನಡಿಗರಲ್ಲಿ ಅರ್ಧಕ್ಕರ್ಧ ಸರ್ಕಾರಿ ನೌಕರರು. ಎದುರಿಗೆ ಫೈಲು ಬಂದರೆ ಅದನ್ನು ಮುಂದಕ್ಕೆ ಕಳಿಸದೆ ಅವರಿಗೆ ನಿದ್ದೆ ಬಾರದು. ಪುಸ್ತಕವನ್ನೇ ಫೈಲು ಮಾಡಿದರೆ?

ಆ ಭಾನುವಾರ ಅವರು ಒಂದು ಪ್ರತಿಯನ್ನು ರಟ್ಟಿನ ಫೈಲಿಗೆ ಸೇರಿಸಿ, ಟಿಪ್ಪಣಿ ಬರೆಯುವ ಹಸಿರು ಹಾಳೆಗಳನ್ನು ಮುಂದೆ ಇಟ್ಟು, ಕೆಂಪು ದಾರದಲ್ಲಿ ಕಟ್ಟಿದರು. ಮೇಲೆ ನಲವತ್ತು ಹೆಸರುಗಳ ಪಟ್ಟಿ: ‘ಪರಿಶೀಲನೆಗೆ ಮತ್ತು ಅಭಿಪ್ರಾಯಕ್ಕೆ. ವಿಷಯ: ಎರಡನೆಯ ಸಂಪುಟದ ಅವಶ್ಯಕತೆ. ಓದಿ, ಟಿಪ್ಪಣಿ ಬರೆದು, ಮುಂದಿನವರಿಗೆ ತಲುಪಿಸುವುದು.’ ನಲವತ್ತನೆಯ ಹೆಸರು ಕನ್ನಡ ಬಳಗದ ಕಾರ್ಯದರ್ಶಿ ದೇವೇಂದ್ರಪ್ಪನವರದು. ಮೊದಲನೆಯದು ರತ್ನಾರದು.

“ನಾನ್ಯಾಕೆ? ಎರಡು ಸಲ ಟೈಪ್ ಮಾಡಿದ್ದೀನಲ್ಲ.”

“ಮೊದಲ ಟಿಪ್ಪಣಿ ಚೆನ್ನಾಗಿದ್ದರೆ ಮಿಕ್ಕವರು ಅದರ ಹಿಂದೇನೇ ಹೋಗ್ತಾರೆ ಕಣೇ. ಕಚೇರಿ ಮರ್ಮ ಇದು. ಅದೇನೋ ಹೇಳ್ಬೇಕು ಅಂತಿದ್ದೆಯಲ್ಲ, ಅದನ್ನೇ ಬರಿ.”

“ನಿಜವಾಗ್ಲೂ ಅನ್ನಿಸಿದ್ದು ಬರೀಲಾ?”

“ನಿರ್ಭಿಡೆಯಿಂದ.”

ರತ್ನಾ ನಾಲ್ಕು ದಿನ ಮೆಟ್ರೋದಲ್ಲಿ ಹೋಗುತ್ತಾ ಬರುತ್ತಾ ಪುಸ್ತಕವನ್ನು ಮೂರನೆಯ ಸಲ ಓದಿದರು. ಐದನೆಯ ದಿನ ಊಟದ ಮೇಜಿನ ಮುಂದೆ ಕೂತು, ಮೊದಲ ಹಸಿರು ಹಾಳೆಯನ್ನು ಮುತ್ತಿನಂಥ ಅಕ್ಷರದಲ್ಲಿ ಪೂರ್ತಿ ತುಂಬಿಸಿ, ಸಹಿ ಹಾಕಿದರು.

“ಒಂದ್ಸಲ ಓದಿಬಿಡಿ” ಎಂದು ಫೈಲು ಚಾಚಿದರು.

“ಹೆಂಡತಿ ಬರೆದದ್ದನ್ನ ಗಂಡ ತಿದ್ದಿದ ಅಂತ ಮಾತು ಬರಬಾರದು. ನಿಷ್ಪಕ್ಷಪಾತ ಇರಬೇಕು” ಎಂದು ಸೂರ್ಯನಾರಾಯಣರು ದಾರ ಬಿಗಿದು, ಎರಡನೆಯ ಹೆಸರಿನ ಬಸವರಾಜರ ಮನೆಗೆ ಹೊರಟೇಬಿಟ್ಟರು.

ಫೈಲು ಹೊರಟಿತು. ಹೊರಟದ್ದೇನು, ಓಡಿತು. ಲಕ್ಷ್ಮೀ ನಗರದಿಂದ ಆರ್.ಕೆ. ಪುರ, ಅಲ್ಲಿಂದ ದ್ವಾರಕಾ, ಗುರುಗ್ರಾಮ, ಮಾನೇಸರ್ ಸುತ್ತಿ ಮತ್ತೆ ದೆಹಲಿಗೆ. ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದದ ಜೊತೆ ಕೈ ಬದಲಾಯಿಸಿತು. ಒಂದು ನಾಮಕರಣದಲ್ಲಿ ಒಂದೇ ಮಧ್ಯಾಹ್ನ ಒಂಬತ್ತು ಸಹಿ ಬಿದ್ದವು. ಒಬ್ಬೊಬ್ಬರಿಗೆ ಮೂರು ದಿನವೆಂದರೂ ನಾಲ್ಕು ತಿಂಗಳಾಗಬಹುದು ಎಂದು ಲೇಖಕರು ಅಂದಾಜು ಮಾಡಿದ್ದರು. ಇಪ್ಪತ್ತಾರನೆಯ ದಿನ ದೇವೇಂದ್ರಪ್ಪ ಫೋನು ಮಾಡಿ, ಎಲ್ಲ ಸಹಿಯೂ ಆಗಿದೆ ಎಂದರು.

“ನೋಡಿದೆಯಾ ರತ್ನಾ? ಕೈಗೆತ್ತಿಕೊಂಡರೆ ಕೆಳಗಿಡೋಕಾಗದಂಥ ಪುಸ್ತಕ.”

“ಆರುನೂರ ಹನ್ನೆರಡು ಪುಟ, ಮೂವತ್ತೊಂಬತ್ತು ಜನ, ಇಪ್ಪತ್ತಾರು ದಿನ” ಎಂದರು ರತ್ನಾ. “ಅಳತೆ ಪುಸ್ತಕ ಬರೆದವರು ನೀವು. ಭಾಗಿಸಿ ನೋಡಿ.”

ಸೂರ್ಯನಾರಾಯಣರು ಭಾಗಿಸಲಿಲ್ಲ. ಶುಭ ಸಮಯದಲ್ಲಿ ಗಣಿತ ಒಳ್ಳೆಯದಲ್ಲ.

ಸಂಜೆ ದೇವೇಂದ್ರಪ್ಪ ಸೂಟ್‌ಕೇಸ್ ಸಮೇತ ಬಂದರು. ಅವತ್ತೇ ಬೆಂಗಳೂರಿಗೆ ರೈಲು; ಫೈಲನ್ನು ತಾವೇ ಪ್ರಕಾಶಕರ ಕೈಗೆ ಮುಟ್ಟಿಸುವ ಹೊಣೆ ಹೊತ್ತಿದ್ದರು.

“ಸಾರ್, ಕೆಳಗೆ ಆಟೋ ನಿಲ್ಲಿಸಿದ್ದೀನಿ. ಲೇಖಕರದೂ ಒಂದು ಸಹಿ ಇದ್ದರೆ ಪೂರ್ಣವಾಗುತ್ತೆ. ಚಲೋ, ಬೇಗ ಹಾಕಿಬಿಡಿ.”

ಸೂರ್ಯನಾರಾಯಣರು ಫೈಲನ್ನು ಬಿಡಿಸಿದರು. ಮೂವತ್ತಮೂರು ವರ್ಷದಿಂದ ಪಳಗಿದ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕೊನೆಯ ಹಾಳೆಗೆ ಹೋಯಿತು. ಆಹಾ, ಏನು ದೃಶ್ಯ ಅದು. ‘ಸಹಮತ’. ‘ಮೇಲಿನಂತೆ ಸಹಮತ’. ‘ಸಂಪೂರ್ಣ ಸಹಮತ’. ‘ನೋಡಿದೆ, ಸಹಮತ’. ಕೋಚಿಂಗಿನ ಶ್ರೀವತ್ಸ ಕೂಡ, ಮುಂದೆ ಅಧಿಕಾರಿಯಾಗುವವನ ಗತ್ತಿನಲ್ಲಿ, ‘ಸಹಮತ. ಶೀಘ್ರ ಕ್ರಮ ಅಪೇಕ್ಷಣೀಯ’ ಎಂದು ಬರೆದಿದ್ದ. ಸೂರ್ಯನಾರಾಯಣರ ಕಣ್ಣು ಮಂಜಾಯಿತು. ಈ ಪರದೇಶದಂಥ ಊರಿನಲ್ಲಿ ನಲವತ್ತು ಜನ ಒಂದೇ ಮಾತು ಆಡಿದ್ದರು. ಹನ್ನೊಂದು ವರ್ಷದ ಭಾನುವಾರಗಳು ಸಾರ್ಥಕವಾದವು ಎನಿಸಿತು.

ಅಡುಗೆಮನೆಯಿಂದ ರತ್ನಾ ಕೂಗಿದರು. “ರೀ, ಮೊದಲನೇ ಹಾಳೆ ನೋಡಿದ್ರಾ?”

“ಮೊದಲನೇದು ನಿನ್ನದೇ ಅಲ್ವೇನೇ” ಎನ್ನುತ್ತಾ ಸೂರ್ಯನಾರಾಯಣರು ಪೆನ್ನು ತೆಗೆದು, ‘ನಾನೂ ಹೃತ್ಪೂರ್ವಕವಾಗಿ ಸಹಮತ. ತಕ್ಷಣ ಜಾರಿಗೊಳಿಸಬೇಕಾಗಿ ಕೋರಿಕೆ’ ಎಂದು ಬರೆದು, ದಿನಾಂಕ ಸಮೇತ ಸಹಿ ಜಡಿದರು. ದೇವೇಂದ್ರಪ್ಪ ಫೈಲನ್ನು ಕಂಕುಳಲ್ಲಿ ಅವಚಿಕೊಂಡು ಇಳಿದರು. ರತ್ನಾ ಹೊರಗೆ ಬಂದು, ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಅವರಿಗಿಷ್ಟವಾದ ಗಸಗಸೆ ಪಾಯಸಕ್ಕೆ ಇಟ್ಟರು. ಯಾಕೆ ಎಂದು ಇವರು ಕೇಳಲಿಲ್ಲ. ಸಂಭ್ರಮಕ್ಕೆ ಎಂದೇ ತಿಳಿದರು.

ಮಾರನೆಯ ದಿನ ನೆಹರೂ ಪ್ಲೇಸಿಗೆ ಹೋಗಿ ರತ್ನಾಗೆಂದು ಹೊಸ ಕೀಬೋರ್ಡ್ ತಂದರು. ಐದೂ ಬಾಕ್ಸ್ ಫೈಲುಗಳನ್ನು ದಿವಾನ್ ಮಂಚದ ಕೆಳಗಿನಿಂದ ಎಳೆದು, ಧೂಳು ಕೊಡವಿ, ಅದರ ಪಕ್ಕ ಜೋಡಿಸಿದರು.

ಎಂಟನೆಯ ದಿನ ಬೆಂಗಳೂರಿನಿಂದ ಫೋನು ಬಂತು. ಸೂರ್ಯನಾರಾಯಣರು ಹೆಂಡತಿ ಮಗಳು ಇಬ್ಬರನ್ನೂ ಕರೆದು, ಸ್ಪೀಕರ್ ಹಾಕಿದರು.

“ಸಾರ್, ಮೂವತ್ತು ವರ್ಷದಿಂದ ಪುಸ್ತಕ ಹಾಕ್ತಿದ್ದೀನಿ” ಎಂದರು ಪ್ರಕಾಶಕರು. ಅವರ ದನಿ ಗದ್ಗದವಾಗಿತ್ತು. “ನಿಮ್ಮಂಥ ಪ್ರಾಮಾಣಿಕ ಲೇಖಕರನ್ನ ನಾನು ಕಂಡಿಲ್ಲ.”

“ಏನೋ, ಎಲ್ಲ ಓದುಗರ ಅಭಿಮಾನ.”

“ಓದುಗರು ಹೇಳೋದು ಬಿಡಿ ಸಾರ್. ಆದರೆ ಸ್ವತಃ ಲೇಖಕರೇ ಎರಡನೇ ಸಂಪುಟ ಬೇಡ ಅಂತ ಸಹಿ ಹಾಕೋದು ಅಂದ್ರೆ ಸಣ್ಣ ಮಾತಲ್ಲ. ದೊಡ್ಡ ಮನಸ್ಸು. ನಿಮ್ಮ ಕೋರಿಕೆ ಪ್ರಕಾರ ತಕ್ಷಣ ಜಾರಿ ಮಾಡಿದ್ದೀನಿ. ಅದರ ಫೈಲು ಇವತ್ತೇ ಮುಚ್ಚಿದೆ.”

ಕೆಳಗಿನ ಕ್ಲಾಸಿನಲ್ಲಿ ಯಾರೋ ಮೈಕಿನಲ್ಲಿ ಮೂಲಭೂತ ಕರ್ತವ್ಯಗಳನ್ನು ಹೇಳಿಕೊಡುತ್ತಿದ್ದರು. ಆಮೇಲೆ ವಾಟ್ಸಾಪಿನಲ್ಲಿ ಮೊದಲ ಹಸಿರು ಹಾಳೆಯ ಫೋಟೋ ಬಂತು. ಪ್ರಕೃತಿ ಅಮ್ಮನ ಅಕ್ಷರವನ್ನು ತಡವರಿಸುತ್ತಾ ಜೋರಾಗಿ ಓದಿದಳು.

‘ಈ ಪುಸ್ತಕವನ್ನು ಎರಡು ಸಲ ಟೈಪ್ ಮಾಡಿ, ಮೂರು ಸಲ ಓದಿದ್ದೇನೆ. ಏಳನೆಯ ಅಧ್ಯಾಯದಲ್ಲಿ, ಲೇಖಕರ ಅಜ್ಜಿ ಬಡವರಿಗೆ ಅಕ್ಕಿ ಅಳೆಯುವಾಗ ಸೇರಿನ ಮೇಲೆ ಗೋಪುರ ಬರುವಂತೆ ತುಂಬುತ್ತಿದ್ದ ಕಥೆ ಇದೆ. ಮೂರು ಸಲವೂ ಅಲ್ಲಿ ಅತ್ತಿದ್ದೇನೆ. ಅಂಥವು ಇನ್ನೂ ಒಂದು ನೂರೈವತ್ತು ಪುಟ ಇವೆ. ಉಳಿದವುಗಳಿಂದ ನನಗೆ ಬಂದದ್ದು ಮಣಿಕಟ್ಟಿನ ನೋವು. ಆದ್ದರಿಂದ ಎರಡನೆಯ ಸಂಪುಟ ಬೇಡ. ಮೊದಲನೆಯದನ್ನೇ ನೂರೈವತ್ತು ಪುಟಕ್ಕೆ ಇಳಿಸಿದರೆ ಜನ ಓದುತ್ತಾರೆ. ಅದನ್ನು ಟೈಪ್ ಮಾಡಲು ನಾನು ಸಿದ್ಧ. ಆದೇಶಕ್ಕಾಗಿ ಸಲ್ಲಿಸಿದೆ.’

“ವಾವ್ ಅಮ್ಮಾ” ಎಂದಳು ಪ್ರಕೃತಿ. “ಒನ್ ಫಿಫ್ಟಿ ಪೇಜಸ್ ಆದ್ರೆ ನಾನೂ ಓದ್ತೀನಿ. ಸಚ್ ಮೇ.”

ಸೂರ್ಯನಾರಾಯಣರಿಗೆ ಕೋಪ ಬರಬೇಕಿತ್ತು. ಹುಡುಕಿದರು, ಸಿಗಲಿಲ್ಲ. ಸಿಕ್ಕಿದ್ದು ನೋವು. ನಲವತ್ತು ಜನರಲ್ಲಿ ಪುಸ್ತಕವನ್ನು ಓದಿದ್ದು ಒಬ್ಬರು, ಆ ಒಬ್ಬರು ಬರೆದದ್ದನ್ನು ತಾವು ಓದಿರಲಿಲ್ಲ. ಅವರು ಹೊಸ ಕೀಬೋರ್ಡಿನ ಮೇಲೆ ಕೈಯಾಡಿಸಿದರು.

“ಅಲ್ಲ ಕಣೇ” ಎಂದರು ಕೊನೆಗೆ. “ಸಹಿ ಹಾಕೋವಾಗ ಮನೆಯಲ್ಲೇ ಇದ್ದೆಯಲ್ಲ. ಹೀಗ್ಹೀಗೆ ಬರೆದಿದ್ದೀನಿ ಅಂತ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ?”

ರತ್ನಾ ಕೊತ್ತಂಬರಿ ಸೊಪ್ಪಿನ ಚೀಲವನ್ನು ಅವರ ಕೈಗೆ ಕೊಟ್ಟರು.

“ಬರವಣಿಗೆಯಲ್ಲಿ ಕೊಟ್ಟಿದ್ದೆನಲ್ಲ ರೀ.”