ರಾಮಲಿಂಗಂ ಅವರ ಕುಪ್ಪಿಗಿಡದ ವೈದ್ಯ

ತಮಿಳು ಸೀಮೆಯ ನೆಗಮಂನ ಕನ್ನಡಿಗ ನೇಕಾರ ರಾಮಲಿಂಗಂ ಅವರಿಗೆ ಭೂಲೋಕದಲ್ಲಿ ಯಾವುದರ ಭಯವೂ ಇರಲಿಲ್ಲ, ಇಂಜೆಕ್ಷನ್ ಒಂದನ್ನು ಬಿಟ್ಟರೆ. ಹೀಗಾಗಿ ಮೊಣಕಾಲು ಊದಿಕೊಂಡು ಮಗ್ಗದ ಗುಂಡಿಗೆ ಇಳಿಯುವುದೇ ಕಷ್ಟವಾದಾಗ, ಹೆಂಡತಿ ರುಕ್ಮಣಿ ಆಸ್ಪತ್ರೆಯ ಮಾತೆತ್ತುವ ಮೊದಲೇ ಘೋಷಣೆ ಹೊರಡಿಸಿದರು.

"ಊಸಿ ಚುಚ್ಚೋ ಡಾಕ್ಟ್ರ ಹತ್ರ ನಾನು ಬರಲ್ಲ. ನಮ್ ತಾತ ಊರಿಗೇ ವೈದ್ಯಂ ಮಾಡ್ದೋರು. ಕುಪ್ಪಿಗಿಡ ಅರೆದು ಹಚ್ಚಿದ್ರೆ ನಾಳೆಗೆ ಓಡ್ತೀನಿ, ನೋಡ್ತಾ ಇರು."

"ತಾತ ಮಾಡಿದ್ರು, ಸರಿ. ನೀವು ಎಂದು ಮಾಡಿದ್ರಿ?"

"ಅದು ರಕ್ತದಲ್ಲೇ ಬರುತ್ತೆ."

ಬೇಲಿ ಬದಿಯಲ್ಲಿ ಕುಪ್ಪಿಗಿಡಕ್ಕೇನು ಬರವೇ? ಒಂದೊಂದೇ ಎಲೆ ಬಿಡಿಸುತ್ತ ಕೂರುವುದು ಅಲ್ಪರ ಕೆಲಸವೆಂದು ಬಗೆದು, ಧನ್ವಂತರಿಯ ಗತ್ತಿನಲ್ಲಿ ಗಿಡಗಳನ್ನು ಬುಡಸಮೇತ ಕಿತ್ತು ತಂದರು. ಎಲೆ, ಕಾಂಡ, ಬೇರು ಎಲ್ಲವನ್ನೂ ಅರೆದು, ಅರಿಸಿನ ಬೆರೆಸಿ ಎರಡೂ ಮೊಣಕಾಲಿಗೆ ಮೆತ್ತಿದರು. ನೋವಿದ್ದದ್ದು ಒಂದಕ್ಕೆ, ಇನ್ನೊಂದಕ್ಕೆ ಮುಂಜಾಗ್ರತೆ! ಆಮೇಲೆ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅರ್ಧ ನೆಯ್ದ ಸೀರೆಯ ಮುಂದೆ ಕುಳಿತರು.

ಮೊದಲು ಎದುರುಮನೆಯ ಕಂದು ಬೆಕ್ಕು ಬಂದು ಪಾದಕ್ಕೆ ಕೆನ್ನೆ ಉಜ್ಜಿತು. ರಾಮಲಿಂಗಂ ಕರಗಿಹೋದರು.

"ನೋಡಿದ್ಯಾ ರುಕ್ಮಣಿ, ಬಾಯಿಲ್ಲದ ಜೀವಕ್ಕೂ ಒಳ್ಳೆ ವೈದ್ಯಂ ಗೊತ್ತಾಗುತ್ತೆ."

ಅದರ ಹಿಂದೆ ಒಂದು ಕರಿ ಬೆಕ್ಕು. ಅದರ ಹಿಂದೆ ಬೀದಿಬೆಕ್ಕುಗಳ ಮಹಾಸಭೆಯೇ ಗುಂಡಿಗೆ ಇಳಿಯಿತು! ನೆಕ್ಕಿದವು, ಕಚ್ಚಿ ಎಳೆದವು, ಹೊರಳಾಡಿದವು. ಅಡುಗೆಮನೆಯಿಂದ ರುಕ್ಮಣಿ ಇಣುಕಿದರು.

"ಬೇರೂ ಸೇರ್ಸಿ ಅರೆದ್ರಾ? ಕುಪ್ಪಿಬೇರಿನ ವಾಸನೆಗೆ ಬೆಕ್ಕಿಗೆ ಹುಚ್ಚು ಹಿಡಿಯುತ್ತೆ. ನಿಮ್ ತಾತ ಹೇಳಿಲ್ವಾ?"

ಅಷ್ಟರಲ್ಲಿ ಎರಡು ಗಂಡು ಬೆಕ್ಕುಗಳು ಮೊಣಕಾಲಿನ ಒಡೆತನಕ್ಕಾಗಿ ಯುದ್ಧ ಸಾರಿದ್ದವು, ಉಗುರೆಲ್ಲ ನಾಟಿದ್ದು ರಾಮಲಿಂಗಂ ಅವರ ತೊಡೆಗೆ. ಗುಂಡಿಗೆ ಇಳಿಯಲು ಒದ್ದಾಡುತ್ತಿದ್ದ ಮನುಷ್ಯ ಒಂದೇ ನೆಗೆತಕ್ಕೆ ಮೇಲೆ ಬಂದು ಬೀದಿಯುದ್ದಕ್ಕೂ ಓಡಿದರು. ಬೆಕ್ಕುಗಳೂ ಮೆರವಣಿಗೆಯಲ್ಲಿ ಹಿಂದೆಯೇ ಹೊರಟವು.

"ನಾಳೆಗೆ ಅಂದಿದ್ರು, ಇವತ್ತೇ ಓಡಿದ್ರು" ಎಂದುಕೊಂಡ ರುಕ್ಮಣಿ, ಮಗ್ಗದ ಮೇಲಿನ ಸೀರೆಯ ಹಾಸಿನ ಎಳೆ ಹರಿದಿಲ್ಲವೆಂದು ನೋಡಿಕೊಂಡು ಆಟೋ ಕರೆದರು. ಬೆಕ್ಕುಗಳಿಂದ ತಪ್ಪಿಸಿಕೊಂಡರೆ ಸಾಕೆಂದು ರಾಮಲಿಂಗಂ ಎಲ್ಲಿಗೆಂದೂ ಕೇಳದೆ ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮೊಣಕಾಲು ಒತ್ತಿ ನೋಡಿದರು.

"ಇದಕ್ಕೆ ಮಾತ್ರೆ ಸಾಕು, ಊಸಿ ಬೇಡ" ಎಂದರು ತಮಿಳಿನಲ್ಲಿ.

ರಾಮಲಿಂಗಂ ರಾಜ್ಯ ಗೆದ್ದವರಂತೆ ಹೆಂಡತಿಯ ಕಡೆ ತಿರುಗಿದರು. ಡಾಕ್ಟರು ಪಂಚೆ ಸರಿಸಿ ತೊಡೆಯ ಮೇಲಿನ ಗೀರುಗಳನ್ನು ಕಂಡರು.

"ಬೆಕ್ಕು ಪರಚಿದ್ದಕ್ಕೆ ಮಾತ್ರ ನಾಲ್ಕು ಊಸಿ. ಮೊದಲನೆಯದು ಈಗಲೇ."