ಇಸ್ತ್ರಿಯವನ ಭಾಷಣ

ಬೆಳಿಗ್ಗೆ ಅಂಗಡಿಯ ಯಜಮಾನರು ಒಂದು ಚೀಟಿ ಕೈಗಿಟ್ಟು, "ಸಂಜೆ ಸಭೇಲಿ ಇದನ್ನ ಜೋರಾಗಿ ಓದ್ಬೇಕು" ಎಂದಾಗ, ಇಸ್ತ್ರಿಯವನು ಆಗಲ್ಲ ಎಂದುಬಿಡಬೇಕಿತ್ತು. ಹನ್ನೆರಡು ವರ್ಷದ ಅಭ್ಯಾಸಬಲದಿಂದ "ಆಯ್ತು ಯಜಮಾನ್ರೇ" ಎಂದುಬಿಟ್ಟ.

ಕೆಲಸ ಮಾಡಲಿ ಬಿಡಲಿ, ಒಂದು ಬೀದಿಯ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಹಣ ಕೊಟ್ಟು ನೋಡುವುದೆಂದು ಸರ್ಕಾರ ಯೋಚಿಸಿತ್ತು. ಆರಿಸಿದ್ದು ಇವರ ಬೀದಿಯನ್ನೇ. ಆದರೆ ಸಂಜೆಯ ಸಭೆಯಲ್ಲಿ ಬೀದಿಯವರೆಲ್ಲ ಒಪ್ಪಬೇಕು. ಒಬ್ಬರು ಬೇಡವೆಂದರೂ ಯೋಜನೆ ಪಕ್ಕದ ಬೀದಿಗೆ.

"ದುಡ್ಡು ಬಂದ್ರೆ ನಾನು ಕಾರ್ಖಾನೆಗೆ ಅರ್ಧ ದಿನ ಮಾತ್ರ ಹೋಗ್ತೀನಿ ಕಣ್ರೀ. ಗುಂಡಿ ಹೊಲಿದೂ ಹೊಲಿದೂ ಕಣ್ಣು ಉರಿಯುತ್ತೆ" ಎಂದಿದ್ದಳು ಹೆಂಡತಿ. ಅವಳಿಗೂ ಅವನು "ಆಯ್ತು" ಎಂದೇ ಹೇಳಿದ್ದ.

ಸಂಜೆ ಶಾಲೆಯ ಕೋಣೆ ತುಂಬಿತ್ತು; ಸರ್ಕಾರದ ಅಧಿಕಾರಿಯೂ ಬಂದಿದ್ದರು. ಇಸ್ತ್ರಿಯವನು ಚೀಟಿ ನೋಡಿಕೊಂಡು ಓದಲು ಶುರುಮಾಡಿದ. "ಪುಕ್ಕಟೆ ದುಡ್ಡು ಬಂದ್ರೆ ಯಾರು ಕೆಲಸ ಮಾಡ್ತಾರೆ? ಸಾಹೇಬ್ರೂ ಸುಕ್ಕು ಶರ್ಟ್ ಹಾಕ್ಕೊಂಡೇ ಬರ್ಬೇಕಾಗುತ್ತೆ!"

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಕ್ಷೌರದಂಗಡಿಯವನಂತೂ ಬೆಂಚು ಕುಟ್ಟಿದ. ಜನ್ಮದಲ್ಲಿ ಚಪ್ಪಾಳೆ ಕಾಣದವನು ಬಿಸಿ ಪೂರಿಯಂತೆ ಉಬ್ಬಿಹೋದ. ಚೀಟಿ ಜೇಬಿಗೆ ತುರುಕಿ, "ಮೊದಲು ನಾನೇ ಮನೇಲಿ ಮಲಗ್ತೀನಿ!" ಎಂದು ಗುಡುಗಿದ. ಯಜಮಾನರ ಹುಬ್ಬು ಗಂಟಾಯಿತು.

ನಿವೃತ್ತ ಮೇಷ್ಟರು ಎದ್ದುನಿಂತರು. "ಅಷ್ಟು ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳು, ಸರಿ. ಆದ್ರೆ ದಣಿದವನು ಒಂದಿನ ಮಲಗಿದ್ರೆ ತಪ್ಪೇನಪ್ಪಾ?"

ಇಸ್ತ್ರಿಯವನು ಅದೇ ಮಾತನ್ನು ಇನ್ನೂ ಜೋರಾಗಿ ಕೂಗಿದ. ಮತ್ತೆ ಚಪ್ಪಾಳೆ.

ಹೆಂಡತಿ ಕಾರ್ಖಾನೆಯಿಂದ ಓಡೋಡಿ ಬರುವಷ್ಟರಲ್ಲಿ ಭಾಷಣ ಮುಗಿದು, ಮತದ ಚೀಟಿ ಹಂಚುತ್ತಿದ್ದರು. ಇಸ್ತ್ರಿಯವನು ಲೆಕ್ಕ ಹಾಕಿದ. ಇಷ್ಟು ಚಪ್ಪಾಳೆ ತಟ್ಟಿದವರೆಲ್ಲ ಬೇಡವೆಂದೇ ಬರೆಯುತ್ತಾರೆ. ತನ್ನದೊಂದೇ 'ಬೇಕು' ಸಿಕ್ಕಿದರೆ ಯಜಮಾನರಿಗೆ ಗೊತ್ತಾಗದೇ ಇರುತ್ತದೆಯೇ? ಹೆಂಡತಿಯ ಕಡೆ ನೋಡದೆ 'ಬೇಡ' ಎಂದು ಬರೆದು ಮಡಚಿದ.

ಅಧಿಕಾರಿ ಒಂದೊಂದಾಗಿ ಬಿಡಿಸಿ ಓದಿದರು. "ಬೇಕು. ಬೇಕು. ಬೇಕು..." ನೂರಹದಿನಾಲ್ಕು ಬೇಕು. ಒಂದು ಬೇಡ.

ಯಜಮಾನರು ಅವನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಡಿದರು. "ನಾನು ಓದು ಅಂದೆ, ಬರಿ ಅಂದ್ನೇನಯ್ಯಾ? ಹೇಗೂ ಎಲ್ಲಾ ಬೇಡ ಅಂತಾರೆ, ನಂದೊಂದು ಇರ್ಲಿ ಅಂತ ನಾನೇ ಬೇಕು ಅಂತ ಬರೆದಿದ್ದೆ!"

ಮನೆಯ ದಾರಿಯಲ್ಲಿ ಹೆಂಡತಿ ನಿಟ್ಟುಸಿರು ಬಿಟ್ಟು, "ಆ ಬೇಡ ಬರೆದವನನ್ನ ಬೈಯೋಕೂ ಮನಸ್ಸು ಬರಲ್ಲ ಕಣ್ರೀ. ಯಾರಿಗೆ ಹೆದರಿಕೊಂಡು ಬರೆದ್ನೋ, ಪಾಪ" ಎಂದಳು.