ಗೋಡೆಗೆ ಮುಖ ಮಾಡಿದ ಬಾತುಕೋಳಿಗಳ ಪರವಾಗಿ

ಪಟ್ಟಣದ ವಸ್ತುಸಂಗ್ರಹಾಲಯದ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಅಲಂಕಾರ ಕಲೆಗಳ ವಿಭಾಗದ ಹೂಜಿ, ಹೂದಾನಿ, ತೂಗುದೀಪಗಳೂ ಧೂಳು ಸೋಂಕದೆ ಕ್ಷೇಮವಾಗಿರುವಿರೆಂದು ನಂಬಿ, ಎರಡು ಬಾತುಕೋಳಿಗಳ ಪರವಾಗಿ ಈ ಬಹಿರಂಗ ಪತ್ರ ಬರೆಯುವ ಸಲುಗೆ ವಹಿಸಿದ್ದೇನೆ.

ಮೊದಲ ಮಹಡಿಯಲ್ಲಿ, ಪಿಂಗಾಣಿ ತಟ್ಟೆಗಳ ಕಪಾಟು ದಾಟಿದ ಕೂಡಲೇ ಕಾಣುವ ಕಸೂತಿ ನನ್ನ ದೊಡ್ಡಮ್ಮ ಹಾಕಿದ್ದು. ಕೊಳದಲ್ಲಿ ಜೋಡಿ ಬಾತುಕೋಳಿಗಳು ಈಜುವ ಆ ಚಿತ್ರವನ್ನು ಅವರು ಕಳೆದ ವರ್ಷ ತಮಗೆ ದಾನವಾಗಿ ಕೊಟ್ಟರು. ತಾವು ಅದಕ್ಕೆ ತೇಗದ ಚೌಕಟ್ಟು, ಗಾಜು, ಮೇಲೊಂದು ಪುಟ್ಟ ದೀಪ ಎಲ್ಲವನ್ನೂ ಒದಗಿಸಿ, ಬಟ್ಟೆಯನ್ನು ಮಾತ್ರ ಹಿಂದುಮುಂದಾಗಿ ಕೂರಿಸಿದ್ದೀರಿ. ಹೀಗಾಗಿ ಬಾತುಕೋಳಿಗಳು ತರಗತಿಯಲ್ಲಿ ತಂಟೆ ಮಾಡಿದ ಮಕ್ಕಳಂತೆ ಗೋಡೆಗೆ ಮುಖ ಮಾಡಿ ನಿಂತಿವೆ. ನೋಡುಗರ ಪಾಲಿಗೆ ಬಂದಿರುವುದು ಗಂಟುಗಳು ಮತ್ತು ಅಡ್ಡಾದಿಡ್ಡಿ ಹಾಯ್ದ ದಾರಗಳು.

ಇದರಲ್ಲೂ ಅರ್ಥ ಕಂಡ ತಮ್ಮ ದೃಷ್ಟಿ ಸಾಮಾನ್ಯದ್ದಲ್ಲ. 'ಅಂತರಂಗದ ತಳಮಳ: ಅಮೂರ್ತ ರಚನೆ' ಎಂದು ಫಲಕ ಬರೆಸಿದ್ದೀರಿ. ತಮ್ಮ ಮಾರ್ಗದರ್ಶಿಯವರಂತೂ ನಡುವಿನ ಹಸಿರು ಗಂಟಿನ ಮುಂದೆ ದನಿ ತಗ್ಗಿಸಿ, ಕಲಾವಿದೆಯ ಬದುಕು ಕವಲೊಡೆದದ್ದು ಇಲ್ಲಿಯೇ ಎನ್ನುತ್ತಾರೆ. ಅದನ್ನು ಕೇಳಿಸಿಕೊಂಡ ದೊಡ್ಡಮ್ಮ ನನ್ನ ಕಿವಿಯಲ್ಲಿ, "ತಳಮಳ ಏನೂ ಇರ್ಲಿಲ್ಲ ಕಣೋ, ಹಸಿರು ದಾರ ಮುಗಿದಿತ್ತು ಅಷ್ಟೇ" ಎಂದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕಸೂತಿ ಬಲ್ಲವರಲ್ಲಿ ಒಂದು ಪದ್ಧತಿಯಿದೆ: ಬಟ್ಟೆ ಕೈಗೆ ಬಂದರೆ ಮೊದಲು ತಿರುಗಿಸಿ ಹಿಂಬದಿ ಗಂಟಿಲ್ಲದೆ ಅಚ್ಚುಕಟ್ಟಾಗಿದೆಯೇ ಎಂದು ನೋಡುತ್ತಾರೆ, ಹೊಗಳಿಕೆ ಏನಿದ್ದರೂ ಆಮೇಲೆ. ಬಣ್ಣದಲ್ಲೂ ಚೆಲುವಿನಲ್ಲೂ ಎಲ್ಲರನ್ನೂ ಮೀರಿಸುವ ದೊಡ್ಡಮ್ಮ ಈ ಒಂದು ಪರೀಕ್ಷೆಯಲ್ಲಿ ಮಾತ್ರ ಚಿಕ್ಕಂದಿನಿಂದಲೂ ತಂಗಿಯೆದುರು, ಅಂದರೆ ನನ್ನ ಚಿಕ್ಕಮ್ಮನೆದುರು, ಸೋತವರು. ಗಾಜು ಹಾಕಿ ಗೋಡೆಗೇರಿಸಿದರೆ ಇನ್ನು ಯಾರೂ ತಿರುಗಿಸಿ ನೋಡಲಾರರೆಂಬ ಒಂದೇ ಆಸೆಯಿಂದ ಅವರು ಅದನ್ನು ತಮ್ಮ ಕೈಗೊಪ್ಪಿಸಿದ್ದರು. ಮೊನ್ನೆ ಊರಿಂದ ಬಂದ ಚಿಕ್ಕಮ್ಮ ಆ ಚೌಕಟ್ಟಿನ ಮುಂದೆ ನಿಂತು, ಫಲಕದ ಕಡೆ ಕಣ್ಣೂ ಹಾಯಿಸದೆ, "ಅಕ್ಕ, ಇದು ನಿಂದೇ. ಗಂಟು ನೋಡಿದ್ರೆ ಗೊತ್ತಾಗಲ್ವಾ" ಎಂದರು. ಅಂದಿನಿಂದ ದೊಡ್ಡಮ್ಮ ಸೂಜಿ ಮುಟ್ಟಿಲ್ಲ.

ಬಟ್ಟೆಯನ್ನು ತಿರುಗಿಸಿ ಕೂರಿಸಿ ಎಂದು ನಾನು ಕೋರಿದಾಗ, ಫಲಕ ಅಚ್ಚಾಗಿಬಿಟ್ಟಿದೆ, ಮಾರ್ಗದರ್ಶಿಯವರಿಗೆ ವಿವರಣೆ ಬಾಯಿಪಾಠವಾಗಿದೆ ಎಂದು ತಮ್ಮ ಕಚೇರಿ ತಿಳಿಸಿತು. ಬಾಯಿಪಾಠದ ಶ್ರಮವನ್ನು ನೀರುಪಾಲು ಮಾಡಲು ನಾನ್ಯಾರು? ಹಾಗಾಗಿ ದಯವಿಟ್ಟು ಚೌಕಟ್ಟಿನ ಅಳತೆಗೆ ಗೋಡೆಯಲ್ಲೊಂದು ಕಿಂಡಿ ಕೊರೆಸಿ. ಆಚೆ ಬದಿಯಲ್ಲಿರುವುದು ತಮ್ಮದೇ ಕೋಣೆ; ಬಾತುಕೋಳಿಗಳು ದಿನವಿಡೀ ತಮ್ಮನ್ನೇ ನೋಡುತ್ತಿರುತ್ತವೆ. ಅದೂ ಕಷ್ಟವಾದರೆ, ಪಂಕ್ತಿಭೇದ ಬೇಡ, ಉಳಿದ ವಸ್ತುಗಳನ್ನೂ ಹಾಗೆಯೇ ಪ್ರದರ್ಶಿಸಿ: ಮಾಜಿ ಪುರಾಧ್ಯಕ್ಷರ ತೈಲಚಿತ್ರ ಕ್ಯಾನ್ವಾಸಿನ ಬೆನ್ನು ತೋರಲಿ, ಪಿಂಗಾಣಿ ತಟ್ಟೆಗಳು ಮಗುಚಿಕೊಳ್ಳಲಿ, ಕೆತ್ತನೆಯ ಕುರ್ಚಿಯ ಅಡಿಯ ತುಕ್ಕು ಮೊಳೆಗಳು ಬೆಳಕು ಕಾಣಲಿ. ಎಲ್ಲರ ಹಿಂಬದಿಯೂ ಒಮ್ಮೆ ಬಯಲಾದರೆ ದೊಡ್ಡಮ್ಮ ನೆಮ್ಮದಿಯಿಂದ ಮತ್ತೆ ಸೂಜಿಗೆ ದಾರ ಪೋಣಿಸಿಯಾರು.

ತಮ್ಮ ವಿಶ್ವಾಸಿ,
ಆ ಬಾತುಕೋಳಿಗಳನ್ನು ಕಣ್ಣಾರೆ ಕಂಡಿರುವ ಕೆಲವೇ ಮಂದಿಯಲ್ಲೊಬ್ಬ

ಮರೆತ ಮಾತು: ಚಿಕ್ಕಮ್ಮನೂ ಕೈಯಾರೆ ಹಾಕಿದ ಕಸೂತಿಯೊಂದನ್ನು ತಮಗೆ ದಾನ ಕೊಡಲು ಮುಂದಾಗಿದ್ದಾರೆ. ಅದರ ಎರಡು ಬದಿಯೂ ಒಂದೇ ತೆರ, ಹಿಂದುಮುಂದಾಗುವ ಭಯವಿಲ್ಲ. ದೊಡ್ಡಮ್ಮ ಈ ದಾನವನ್ನು ತುಂಬುಮನಸ್ಸಿನಿಂದ ಬೆಂಬಲಿಸಿದ್ದಾರೆ; ತಾವು ಅದನ್ನು ತಲೆಕೆಳಗಾಗಿ ತೂಗುಹಾಕುವಿರೆಂಬ ನಂಬಿಕೆ ಅವರದು.